ಗಂಧದ ಹಾರ ಹಾಕಿಸಿಕೊಂಡ ಇಂಗ್ಲಿಷ್ ಮಂತ್ರಿಗಳಿಗೆ

ಮಾನ್ಯ ಮಂತ್ರಿವರ್ಯರೇ,

ಕೊಲ್ಲಿ ನಾಡಿನ ಅಲ್ ಬರ್ಷಾ ಬಡಾವಣೆಯ ನಮ್ಮ ಫ್ಲಾಟಿನಲ್ಲಿ, ಸೋಫಾದ ಮೇಲುಗಡೆ, ಚಿನ್ನದ ಬಣ್ಣದ ಕಟ್ಟಿನೊಳಗೆ ವಿರಾಜಮಾನರಾಗಿರುವ ತಮಗೆ, ತಮ್ಮ ಬಿಳಿ ವಿಗ್ಗಿಗೆ, ಬದನೆಕಾಯಿ ಗಾತ್ರದ ಮೂಗಿಗೆ, ಕೋಟಿನ ಗುಂಡಿಗಳನ್ನು ಪೀಕಲಾಟಕ್ಕೆ ಸಿಲುಕಿಸಿರುವ ಹೊಟ್ಟೆಗೆ ಈ ಶಾಮಸುಂದರನ ಸಾಷ್ಟಾಂಗ ನಮಸ್ಕಾರಗಳು.

ಜಾರ್ಜ್ ದೊರೆಗಳ ಕಾಲದ ಲಂಡನ್ನಿನಲ್ಲಿ ತಮ್ಮನ್ನು ಗೇಲಿ ಮಾಡಲೆಂದೇ ಅಚ್ಚಾದ ಈ ವ್ಯಂಗ್ಯಚಿತ್ರದ ನಕಲನ್ನು ನಾನು ತಂದು ತೂಗುಹಾಕಿದ್ದು, ಬಂದವರು ಹೊಟ್ಟೆ ಹುಣ್ಣಾಗುವಂತೆ ನಗಲಿ ಎಂಬ ಒಂದೇ ಆಸೆಯಿಂದ. ಬಡಪ್ರಜೆಯ ಬೆನ್ನೇರಿ ಕುಳಿತು, ತೆರಿಗೆಯ ಗಂಟನ್ನು ಅವುಚಿಕೊಂಡಿರುವ ತಮ್ಮನ್ನು ನೋಡಿದರೆ ಯಾರಿಗಾದರೂ ನಗು ಬರಬೇಕು. ಆದರೆ ಮೈಸೂರಿನಿಂದ ವಿಸಿಟ್ ವೀಸಾದಲ್ಲಿ ಬಂದಿಳಿದ ನಮ್ಮ ಅತ್ತೆ ಲೀಲಮ್ಮನವರು ಇದು ಯಾರೆಂದು ಕೇಳಿದಾಗ, ಆಫೀಸಿಗೆ ಹೊರಟಿದ್ದ ನಾನು "ಮಂತ್ರಿಗಳು" ಎಂದಷ್ಟೇ ಹೇಳಿ ಮೆಟ್ರೋ ಹಿಡಿದೆ. ಸಂಜೆ ಬಂದು ನೋಡಿದರೆ, ಕಟ್ಟು ಹಾಕಿಸಿದ ಮುದುಕರೆಂದರೆ ತೀರಿಕೊಂಡ ಹಿರಿಯರೇ ಸೈ ಎಂದು ತೀರ್ಮಾನಿಸಿ, ಅವರು ತಮಗೆ ಗಂಧದ ಹಾರ ಹಾಕಿ, ಹಣೆಗೆ ಕುಂಕುಮವಿಟ್ಟು, ಊದುಬತ್ತಿ ಹಚ್ಚಿದ್ದರು. ಆ ಗಂಟು ದಾನಕ್ಕಂತೆ; ಕೆಳಗೆ ಬಗ್ಗಿರುವವನು ಸೇವೆಗೆ ನಿಂತ ಭಕ್ತನಂತೆ! ಅತ್ತೆಯವರಿಗೆ ಎದುರಾಡುವ ಧೈರ್ಯ ನನಗಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ತಮಗೆ ತೊಂದರೆ ಕೊಡುತ್ತಿರಲಿಲ್ಲ. ಕಳೆದ ಭಾನುವಾರ ನಮ್ಮ ಮಗಳು ಐಶ್ವರ್ಯಾಳನ್ನು ನೋಡಲು ಅಬುಧಾಬಿಯಿಂದ ಗಂಡಿನ ಕಡೆಯವರು ಬಂದರು. ಹುಡುಗ ರಘುನಂದನ ಅವಳಿಗೆ ಕಂಡ ಕೂಡಲೇ ಹಿಡಿಸಿಬಿಟ್ಟ. ಅವನ ತಂದೆಗೆ ಮಾತ್ರ ನಮ್ಮ ಮನೆತನ ಅವರ ಅಂತಸ್ತಿಗೆ ಸಾಲದೇನೋ ಎಂಬ ಗುಮಾನಿ. ಕೇಸರಿಬಾತನ್ನು ಮುಟ್ಟದೆ ಬಿಗಿದುಕೊಂಡು ಕುಳಿತಿದ್ದವರು ಗೋಡೆಯತ್ತ ನೋಡಿ, "ಇವರು ಯಾರು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು, "ನಮ್ಮ ಅಳಿಯಂದಿರ ವಂಶದ ಹಿರಿಯರು ಕಣ್ರೀ, ಮಂತ್ರಿಗಳಾಗಿದ್ದೋರು" ಎಂದುಬಿಟ್ಟರು. ಆ ಮಹಾಶಯರು ಎದ್ದು ನಿಂತು, "ಏನು ಕಳೆ ರೀ ಮುಖದಲ್ಲಿ!" ಎಂದು ತಮಗೆ ಕೈಮುಗಿದು, ಕೇಸರಿಬಾತನ್ನು ಎರಡೆರಡು ಸಲ ಹಾಕಿಸಿಕೊಂಡರು.

ಸಂಬಂಧ ಕುದುರಿತು. ಈಗ ಬೀಗರಿಗೆ ಲಗ್ನಪತ್ರಿಕೆಯ ಮೇಲೆ ತಮ್ಮ ಭಾವಚಿತ್ರ ಬರಲೇಬೇಕಂತೆ, ಕೆಳಗೆ ಹೆಸರು, ಊರು, ಯಾವ ಮಹಾರಾಜರ ಕಾಲದವರೆಂಬ ವಿವರ. ನಿಜ ಹೇಳಿದರೆ ಮದುವೆ ಮುರಿದೀತು. ಹೇಳದಿದ್ದರೆ ಇದೇ ಊರಿನ ಊದ್ ಮೇಥಾದ ಶಾಲೆಗಳ ಯಾವ ಚರಿತ್ರೆ ಮೇಷ್ಟರ ಕೈಗಾದರೂ ಪತ್ರಿಕೆ ಸಿಕ್ಕೀತು. ಮಗಳ ಸಂತೋಷ ನೋಡುತ್ತಾ ನನಗೆ ಹೆದರಿಕೆಯಿಂದ ಊಟ ಸೇರುತ್ತಿಲ್ಲ.

ಆದುದರಿಂದ, ಮುಹೂರ್ತ ಮುಗಿಯುವವರೆಗಾದರೂ ತಾವು ದಯಮಾಡಿ ಆ ಪ್ರಜೆಯ ಬೆನ್ನಿನಿಂದ ಕೆಳಗಿಳಿದು, ಗಂಟನ್ನು ಎಲ್ಲಾದರೂ ಬಚ್ಚಿಟ್ಟು, ಹೊಟ್ಟೆಯನ್ನು ಕೊಂಚ ಒಳಗೆಳೆದುಕೊಂಡು, ವಿಗ್ಗಿನ ಬದಲು ಮೈಸೂರು ಪೇಟ ಧರಿಸಬೇಕೆಂದೂ, ಸಾಧ್ಯವಾದರೆ ನಂಜನಗೂಡಿನ ಆಸುಪಾಸಿನಲ್ಲಿ ಹುಟ್ಟಿಬಿಡಬೇಕೆಂದೂ ಕೋರುತ್ತೇನೆ. ಇಷ್ಟು ಕಾಲ ಪ್ರಜೆಗಳಿಗೆ ಮುಖ ತೋರಿಸಿಕೊಂಡು ಬಂದಿರುವ ತಮಗೆ ಇದೇನು ಮಹಾ!

ಇಂತಿ ತಮ್ಮ ವಿಶ್ವಾಸಿ, ಅತ್ತೆಯವರ ಕೃಪೆಯಿಂದ ತಮ್ಮ ವಂಶೋದ್ಧಾರಕ,
ಶಾಮಸುಂದರ

ತಾ.ಕ.: ಇಷ್ಟು ಬರೆಯುವಷ್ಟರಲ್ಲಿ ಬೀಗರಿಂದ ವಾಟ್ಸ್ಯಾಪ್ ಬಂತು. ಅವರ ವಂಶದಲ್ಲೂ ದಿವಾನರೊಬ್ಬರಿದ್ದರಂತೆ, ಅವರ ಚಿತ್ರವನ್ನೂ ಪತ್ರಿಕೆಯಲ್ಲಿ ಹಾಕಿಸಬೇಕಂತೆ. ತೆರೆದು ನೋಡಿದೆ: ಇವರೂ ಬಿಳಿ ವಿಗ್ಗಿನವರೇ, ಕತ್ತೆಯ ಮೇಲೆ ಬಾಲದ ಕಡೆ ಮುಖಮಾಡಿ ಕುಳಿತಿದ್ದಾರೆ. ಇಷ್ಟು ಹೊಂದುವ ಮನೆತನ ನಮಗೆ ಇನ್ನೆಲ್ಲಿ ಸಿಗಬೇಕು!