ಬಿಟ್ಟಿ ರೂಮು, ಉಪ್ಪು ಬೆಡ್‌ಶೀಟು

“ಅಮ್ಮಾ, ಅತ್ತೆ ಯಾಕೆ ಸಮುದ್ರಕ್ಕೆ ಹಾಸಿಗೆ ಹಾಸ್ತಿದ್ದಾಳೆ?”

ನನ್ನ ನಾಲ್ಕು ವರ್ಷದ ಗುಂಡ ಕೇಳಿದ ಪ್ರಶ್ನೆ ಇದು. ಅವನ ಅತ್ತೆ, ಅಂದರೆ ನನ್ನ ನಾದಿನಿ, ಸೊಂಟದವರೆಗೆ ನೀರಿನಲ್ಲಿ ನಿಂತು ಬಿಳಿ ಬೆಡ್‌ಶೀಟಿನ ಒಂದು ತುದಿ ಎಳೆಯುತ್ತಿದ್ದಳು. ಇನ್ನೊಂದು ತುದಿ ಸಮುದ್ರದ ಕೈಯಲ್ಲಿತ್ತು. ಉತ್ತರ ನನಗೆ ಗೊತ್ತಿತ್ತು, ಹೇಳುವ ಮುಖ ಇರಲಿಲ್ಲ. ಇಲ್ಲಿ ಬರೆದಿಡುತ್ತೇನೆ. ಪುಣ್ಯಕ್ಕೆ ಅವನಿಗಿನ್ನೂ ಓದಲು ಬರುವುದಿಲ್ಲ!

ನಾದಿನಿ ಕಾಲೇಜಿನಲ್ಲಿ ಎರಡನೇ ವರ್ಷ. ಬೆಳಗ್ಗೆ ಬಸ್ಸಿನಲ್ಲಿ ನೇತಾಡುತ್ತಾ ಹೋಗಿ, ಸಂಜೆ ನೇತಾಡುತ್ತಾ ಬರುವುದರಲ್ಲೇ ಹುಡುಗಿ ಅರ್ಧ ಸವೆದಿದ್ದಾಳೆ. ಮುಂದಿನ ವರ್ಷ ಹಾಸ್ಟೆಲ್ ಸೇರುವ ಆಸೆ. ನಮ್ಮತ್ತೆಯದು ಒಂದೇ ಮಾತು: “ಉಂಡ ತಟ್ಟೆ ಎತ್ತದವಳು ಹಾಸ್ಟೆಲ್‌ನಲ್ಲಿ ಹೇಗೆ ಬಾಳ್ತಾಳೆ?” ಇಂಥ ಹೊತ್ತಿನಲ್ಲೇ ಇಬ್ಬರು ಗೆಳತಿಯರ ಜೊತೆ ಬೀಚಿಗೆ ಹೋಗುತ್ತೇನೆ ಅಂದಳು.

“ದುಡ್ಡು ಯಾರಪ್ಪ ಕೊಡ್ತಾನೆ?”

“ನಮ್ಮಪ್ಪ ಕೊಡೋದು ಬೇಡಮ್ಮ. ಬಸ್ಸಿನ ಖರ್ಚು ನಮ್ಮ ಹತ್ರ ಇದೆ, ರೂಮು ಬಿಟ್ಟಿ!”

ಬೀಚಿನ ಪಕ್ಕದ ಪುಟ್ಟ ಲಾಡ್ಜು. ಸೀಸನ್ ಇನ್ನೂ ಶುರುವಾಗಿಲ್ಲ, ರೂಮುಗಳೆಲ್ಲ ಖಾಲಿ. ಒಡತಿಗೆ ಕೆಲಸದವರು ಸಿಕ್ಕಿಲ್ಲ. ಮುಗ್ಗಲು ಹಿಡಿದ ಬೆಡ್‌ಶೀಟುಗಳನ್ನೆಲ್ಲ ಒಗೆದು, ಒಣಗಿಸಿ, ಇಸ್ತ್ರಿ ಮಾಡಿಕೊಟ್ಟರೆ ಅದೇ ಬಾಡಿಗೆ. ಫೋನಿನಲ್ಲೇ ಎಲ್ಲ ಮಾತಾಡಿ ಮುಗಿಸಿದ್ದಳು ಕಿಲಾಡಿ!

ಅತ್ತೆ ತೀರ್ಪು ಕೊಟ್ಟರು. “ಅತ್ತಿಗೆ ಜೊತೆಗಿದ್ರೆ ಹೋಗು. ಕೆಲಸ ಸರಿಯಾಗಿ ಮಾಡಿದ್ದೀಯ ಅಂತ ಆ ಲಾಡ್ಜಿನವರೇ ನನಗೆ ಹೇಳ್ಬೇಕು. ಆಮೇಲೆ ಹಾಸ್ಟೆಲ್ ಮಾತು.”

ನಾನು ಎದೆಯುಬ್ಬಿಸಿ ನಿಂತೆ. “ಅತ್ತೆ, ಯೋಚನೆ ಬಿಡಿ! ಗುಂಡನ ಲಂಗೋಟಿ ಒಗೆದು ಪಳಗಿದ ಕೈ ಇದು. ಲಾಡ್ಜೇನು, ಅರಮನೆಯನ್ನೇ ಬೆಳ್ಳಗೆ ಮಾಡಿ ಬರ್ತೀನಿ!”

ಮೊದಲ ದಿನ ಹುಡುಗಿಯರೇ ಎಲ್ಲವನ್ನೂ ಒಗೆದರು. ಲಾಡ್ಜಿನ ಹಿತ್ತಲು ಕಿಷ್ಕಿಂಧೆ. ಸುತ್ತ ಗೋಡೆ, ಇರುವುದೊಂದೇ ಹಗ್ಗ. ಅರ್ಧ ಒಣಗಿದವು, ಇನ್ನರ್ಧ ಒದ್ದೆಯಾಗಿ ಬುಟ್ಟಿಯಲ್ಲೇ ಉಳಿದವು. ಮಾರನೆಯ ಬೆಳಗ್ಗೆ ನಾದಿನಿ, “ತಿಂಡಿ ತರ್ತೀವಿ ಅತ್ತಿಗೆ. ಬುಟ್ಟಿ ಮುಟ್ಟಬೇಡಿ, ಬಂದು ನಾವೇ ಹಾಕ್ತೀವಿ” ಎಂದು ಹೋದಳು.

ಮುಟ್ಟಬೇಡಿ ಅಂದರೆ? ಎದುರಿಗೆ ಅಷ್ಟಗಲ ಬಿಸಿಲು ದಂಡವಾಗಿ ಬಿದ್ದಿದೆ! ಬೀಚಿನಲ್ಲಿ ಯಾರೋ ಹುಡುಗರು ವಾಲಿಬಾಲ್ ನೆಟ್ ಕಟ್ಟಿ ಚಹಾಕ್ಕೆ ಹೋಗಿದ್ದರು. ಬಟ್ಟೆ ಒಣಹಾಕಲೆಂದೇ ದೇವರು ಕಟ್ಟಿಸಿದಂತಿತ್ತು. ಅಷ್ಟೂ ಬೆಡ್‌ಶೀಟುಗಳನ್ನು ಅದರ ಮೇಲೆ ಹರವಿ, ಕ್ಲಿಪ್ಪು ಹಾಕಿ, “ನೋಡೋ ಗುಂಡಾ, ಅಮ್ಮನ ತಲೆ!” ಎಂದೆ.

ಆಗ ಬಂತು ಗಾಳಿ. ಬೆಡ್‌ಶೀಟುಗಳು ಹೊಟ್ಟೆ ಉಬ್ಬಿಸಿದವು. ನೆಟ್ ಹಡಗಾಯಿತು! ಕಂಬವೊಂದು ಕಿರ್ರ್ ಎಂದು ಬಾಗಿ ನನಗೆ ಸಾಷ್ಟಾಂಗ ನಮಸ್ಕಾರ ಹಾಕಿತು. ಕ್ಲಿಪ್ಪುಗಳು ಪಟಪಟ ಸಿಡಿದವು. ಶೀಟುಗಳು ಮರಳಲ್ಲಿ ಹೊರಳಾಡಿದವು. ಒಂದಂತೂ ನೇರ ಸಮುದ್ರಯಾನಕ್ಕೇ ಹೊರಟಿತು!

“ಆಂಟಿ, ಪಾಯಿಂಟ್ ಯಾರಿಗೆ?” ಚಹಾ ಮುಗಿಸಿ ಬಂದ ಹುಡುಗನೊಬ್ಬ ಕೇಳಿದ. ಆಂಟಿಯಂತೆ! ಅದೊಂದು ಬಾಕಿ ಇತ್ತು ನನಗೆ.

ತಿಂಡಿ ಪೊಟ್ಟಣ ಹಿಡಿದು ಬಂದ ನಾದಿನಿ ಅದನ್ನು ಗೆಳತಿಯ ಕೈಗೆಸೆದು ನೀರಿಗಿಳಿದಳು. ಗುಂಡ ಆ ಪ್ರಶ್ನೆ ಕೇಳಿದ್ದು ಆಗಲೇ.

ಅಂತೂ ಓಡಿಹೋದ ಶೀಟನ್ನು ಎಳೆದು ತಂದಳು. ಇಷ್ಟಕ್ಕೇ ನಾನು ಸುಮ್ಮನಾಗಬಹುದಿತ್ತು. ಆದರೆ ಅವಳು ಬಟ್ಟೆ ಬದಲಿಸಲು ಹೋದಳು, ಗೆಳತಿಯರು ಕಂಬ ನೆಡಲು ಹುಡುಗರಿಗೆ ಕೈಜೋಡಿಸಿದರು, ಮರಳು ಮೆತ್ತಿದ ಬೆಡ್‌ಶೀಟುಗಳ ಜೊತೆ ನಾನೊಬ್ಬಳೇ ಉಳಿದೆ. ನಲ್ಲಿ ದೂರ, ಸಮುದ್ರ ಹತ್ತಿರ. ಅಷ್ಟನ್ನೂ ಅಲೆಯಲ್ಲೇ ಜಾಲಿಸಿ, ಮಗುಚಿ ಹಾಕಿದ್ದ ದೋಣಿಯ ಮೇಲೆ ಹರವಿಬಿಟ್ಟೆ!

ಮಧ್ಯಾಹ್ನದ ಹೊತ್ತಿಗೆ ಒಣಗಿದ್ದವು. ಎಷ್ಟು ಒಣಗಿದ್ದವೆಂದರೆ, ಮಡಚಲು ಹೋದರೆ ಮಾತು ಕೇಳುತ್ತಿರಲಿಲ್ಲ.

“ಅತ್ತಿಗೆ… ಉಪ್ಪು ನೀರಲ್ಲಿ ಜಾಲಿಸಿದ್ರಾ?”

“ಅಷ್ಟೊಂದು ನೀರಿತ್ತಲ್ಲ ಕಣೇ…”

ಒಡತಿ ಬಂದರು. ಬೆಡ್‌ಶೀಟನ್ನು ಬೆರಳಿನಿಂದ ತಟ್ಟಿ ನೋಡಿದರು. “ಇದನ್ನ ಮಂಚಕ್ಕೆ ಹಾಸೋದಾ, ಹಲಗೆ ಥರ ಕಿಟಕಿಗೆ ಹೊಡೆಯೋದಾ? ಸಂಜೆ ಗಿರಾಕಿಗಳು ಬರ್ತಾರೆ. ನಿಮ್ಮ ಕೈಲಾಗಲ್ಲ ಅಂದ್ರೆ ಬಾಡಿಗೆ ಇಟ್ಟು ಹೊರಡಿ. ನಿಮ್ಮಮ್ಮನಿಗೂ ಅದನ್ನೇ ಹೇಳ್ತೀನಿ.”

ನಾದಿನಿಯ ಮುಖ ಬಿಳಿಚಿತು. ಅವಳ ಹಾಸ್ಟೆಲ್ಲನ್ನು ನಾನೇ ಕೈಯಾರೆ ಸಮುದ್ರಕ್ಕೆ ಎಸೆದಿದ್ದೆ. ಅವಳು ನನ್ನತ್ತ ಬೆರಳು ತೋರಿಸಿದ್ದರೆ ನ್ಯಾಯವಿತ್ತು. ಆದರೆ ಅವಳು, “ತಪ್ಪು ನಮ್ಮದೇ ಅಮ್ಮಾ. ಸಂಜೆವರೆಗೆ ಟೈಮ್ ಕೊಡಿ” ಎಂದಳು. ನಮ್ಮದಂತೆ! ಬೈದಿದ್ದರೇ ವಾಸಿಯಿತ್ತು.

ಆಮೇಲೆ ನಡೆದದ್ದು ಯುದ್ಧ. ಒಬ್ಬಳು ನಲ್ಲಿಯ ಕೆಳಗೆ, ಒಬ್ಬಳು ಹಿಂಡಲು, ನಾದಿನಿ ಫ್ಯಾನಿನಡಿ ನಿಂತು ಹಸಿ ಶೀಟಿಗೇ ಇಸ್ತ್ರಿ. ಆವಿಯಲ್ಲಿ ಹುಡುಗಿ ಕಾಣಿಸುತ್ತಲೇ ಇರಲಿಲ್ಲ.

“ನಾನೇನು ಮಾಡ್ಲಿ?”

“ಗುಂಡನ್ನ ಹಿಡ್ಕೊಂಡು ಕೂತ್ಕೊಳ್ಳಿ ಅತ್ತಿಗೆ.”

“ಅವನ ಪಾಡಿಗೆ ಅವನು ಆಡ್ತಿದ್ದಾನಲ್ಲೇ!”

“ಹಾಗಾದ್ರೆ… ಗುಂಡಾ, ನೀನೇ ಅಮ್ಮನ್ನ ಹಿಡ್ಕೊಂಡು ಕೂತ್ಕೋ!”

ಕೂತ. ಎರಡೂ ಕೈಯಲ್ಲಿ ನನ್ನ ಸೆರಗು ಹಿಡಿದು, ಪೊಲೀಸಿನವನಂತೆ!

ಸಂಜೆ ಮಂಚಗಳ ಮೇಲೆ ಸುಕ್ಕಿಲ್ಲದ ಬೆಡ್‌ಶೀಟು ಹಾಸಿ ಮುಗಿಯಿತು. ಮೊದಲ ಗಿರಾಕಿಯ ಕಾರು ಗೇಟಿಗೆ ಬರುವುದಕ್ಕೂ ಅತ್ತೆಯ ಫೋನು ಬರುವುದಕ್ಕೂ ಸರಿಹೋಯಿತು. ಒಡತಿಯೇ ಮಾತಾಡಿದರು. “ನಿಮ್ಮ ಮಗಳು ಚಿನ್ನ ಕಣ್ರೀ! ಕೆಟ್ಟುಹೋದ ಕೆಲಸಾನ ನಿಂತು ಸರಿ ಮಾಡಿದ್ಲು, ಮುಖ ಗಂಟು ಹಾಕ್ಕೊಳ್ಳಲಿಲ್ಲ. ಅಂದ ಹಾಗೆ, ಜೊತೆಗೆ ಬಂದಿರೋರು ನಿಮ್ಮ ಸೊಸೆನಾ? ಪಾಪ, ಮನೆಗೆಲಸಕ್ಕೆ ಹೊಸಬ್ರಾ?”

ಅತ್ತೆ ನಕ್ಕ ಸದ್ದು ಫೋನು ದಾಟಿ ನನ್ನ ಕಿವಿಗೇ ಬಂತು. ಹಾಸ್ಟೆಲ್ಲಿಗೆ ಒಪ್ಪಿಗೆಯೂ ಅದರ ಹಿಂದೆಯೇ ಬಂತು.

ವಾಪಸು ಬರುವಾಗ ಬಸ್ಸಿನಲ್ಲಿ ಗುಂಡ ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಇಸ್ತ್ರಿ ತಗುಲಿ ಕೆಂಪಾದ ಬೆರಳುಗಳಿಂದ ಅವನ ತಲೆ ಸವರುತ್ತಾ, “ಅತ್ತಿಗೆ, ನನಗೊಂದು ಉಪಕಾರ ಮಾಡ್ತೀರಾ?” ಎಂದಳು.

“ಏನು ಬೇಕಾದ್ರೂ ಕೇಳೇ!”

“ನಾನು ಹಾಸ್ಟೆಲ್ ಸೇರಿದ್ಮೇಲೆ ಗುಂಡನ್ನ ಕರ್ಕೊಂಡು ಆಗಾಗ ಬರ್ತಾ ಇರಿ. ನೀವಿಬ್ರೂ ಇಲ್ದೆ ನನಗೆ ಆಗಲ್ಲ.”

“ಬರ್ತೀನಿ ಕಣೇ, ಅದನ್ನೂ ಕೇಳ್ಬೇಕಾ!” ನಾನು ಕಣ್ಣೊರೆಸಿಕೊಂಡೆ.

“ಬಂದಾಗ, ದಮ್ಮಯ್ಯ ಅತ್ತಿಗೆ, ಅಲ್ಲಿ ಏನನ್ನೂ ಒಗೀಬೇಡಿ!”