ಎರಡನೇ ಕ್ಲಿಕ್ಕಿನ ಅಧಿಕಾರ ಯಾರದು ಎಂಬ ಬಗ್ಗೆ

ಸಂಖ್ಯೆ: ಕಚೇರಿ/ಮೌಸ್/ಎಡಗುಂಡಿ/ತಿದ್ದುಪಡಿಯ ತಿದ್ದುಪಡಿ

ವಿಷಯ: ರಜಾ ತಂತ್ರಾಂಶವು ಎಷ್ಟು ಒತ್ತಿದರೂ ತೆರೆಯದಿರುವ ಹಾಗೂ ಬೆರಳಚ್ಚುಗಾರ್ತಿಯ ಮದುವೆ ಕುತ್ತಿಗೆಗೆ ಬಂದಿರುವ ಬಗ್ಗೆ.

ಉಲ್ಲೇಖ: ಇದೇ ಕಚೇರಿಯ ಹಿಂದಿನ ಸುತ್ತೋಲೆ (ಯಾರೂ ಓದಿಲ್ಲವೆಂದು ತಿಳಿದುಬಂದಿದೆ).

ಕಾಗದದ ಅರ್ಜಿಗಳನ್ನು ರದ್ದುಪಡಿಸಿರುವುದರಿಂದ, ಮದುವೆ ತಮ್ಮದೇ ಆಗಿದ್ದರೂ ರಜೆಯನ್ನು ತಂತ್ರಾಂಶದಲ್ಲೇ ಕೋರತಕ್ಕದ್ದು. ಬೆರಳಚ್ಚುಗಾರ್ತಿಯ ಮದುವೆ ಈ ಭಾನುವಾರವಿದ್ದು, ತಂತ್ರಾಂಶ ಜಪ್ಪಯ್ಯ ಎಂದರೂ ತೆರೆಯದ ಕಾರಣ, ಎಲ್ಲ ಸಿಬ್ಬಂದಿಗೆ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

೧. ತಂತ್ರಾಂಶ ತೆರೆಯಲು ಎರಡು ಕ್ಲಿಕ್ ಬೇಕು. ಎರಡನ್ನೂ ಒಬ್ಬರೇ ಮಾಡುವುದು ಅಧಿಕಾರದ ದುರುಪಯೋಗವಾಗುತ್ತದೆ. ಆದ್ದರಿಂದ ಮೊದಲನೆಯದನ್ನು ಬೆರಳಚ್ಚುಗಾರ್ತಿಯೂ, ಎರಡನೆಯದನ್ನು ಕಡತ ಪರಿಶೀಲಿಸಿದ ನಂತರ ಅಧೀಕ್ಷಕರೂ ಮಾಡತಕ್ಕದ್ದೆಂಬ ನಿಯಮವನ್ನು ಮುಂದುವರಿಸಲಾಗಿದೆ.

೨. ಎರಡು ಕ್ಲಿಕ್ಕುಗಳ ನಡುವೆ ಊಟದ ವಿರಾಮ ಬಂದಲ್ಲಿ, ಮೊದಲ ಕ್ಲಿಕ್ ಆರಿಹೋಗದಂತೆ ಮೌಸಿಗೆ ಕರವಸ್ತ್ರ ಹೊದಿಸತಕ್ಕದ್ದು.

೩. ಆದಾಗ್ಯೂ ತೆರೆಯದಿದ್ದಲ್ಲಿ ಕಂಪ್ಯೂಟರ್ ಆರಿಸಿ ಮತ್ತೆ ಹಾಕತಕ್ಕದ್ದು. ನಂತರ ದೀಪ, ಫ್ಯಾನುಗಳನ್ನೂ ಆರಿಸಿ ಮತ್ತೆ ಹಾಕತಕ್ಕದ್ದು. ಕೊನೆಯ ಕ್ರಮವಾಗಿ ಜವಾನರು ಹೊರಗೆ ಹೋಗಿ, ಆದೇಶ ಬಂದ ಮೇಲೆ ಒಳಗೆ ಬರತಕ್ಕದ್ದು.

೪. ಪರದೆಯನ್ನು ಬೈಯುವಂತಿಲ್ಲ. ಬೈಯಲೇಬೇಕಾದಲ್ಲಿ ಬಹುವಚನದಲ್ಲಿ ಬೈಯತಕ್ಕದ್ದು.

೫. ಹೀಗಿರುವಲ್ಲಿ ನಿನ್ನೆ, ಅಧೀಕ್ಷಕರು ಹಣೆಯ ಮೇಲಿದ್ದ ಕನ್ನಡಕವನ್ನು ಮೇಜಿನಡಿ ಹುಡುಕುತ್ತಿದ್ದ ಸಮಯ ಸಾಧಿಸಿ, ಬೆರಳಚ್ಚುಗಾರ್ತಿಯು ಎರಡೂ ಕ್ಲಿಕ್ಕುಗಳನ್ನು ತಾವೇ ಟಕಟಕನೆ ಮಾಡಿದ್ದು, ತಂತ್ರಾಂಶವು ನಾಚಿಕೆಯಿಲ್ಲದೆ ತೆರೆದುಕೊಂಡಿರುತ್ತದೆ. ಕಾರಣ ಕೇಳಲಾಗಿ ನೀಡಿದ ಹೇಳಿಕೆ: "ಇನ್ನೇನ್ ಮಾಡ್ಲಿ ಸಾರ್? 'ರಜೆ ಸಿಕ್ತೇನೇ' ಅಂತ ಅಮ್ಮ ದಿನಾ ಪ್ರಾಣ ತಿಂತಾಳೆ. ನೀವು ಎರಡನೇ ಕ್ಲಿಕ್ ಮಾಡೋ ಹೊತ್ತಿಗೆ ನನ್ನ ಮಗಳ ಮದುವೇನೇ ಬಂದಿರುತ್ತೆ!" ಹೇಳಿಕೆಯ ಕೊನೆಗೆ ಅತ್ತಿರುವುದನ್ನೂ ದಾಖಲಿಸಲಾಗಿದೆ. ಅಧೀಕ್ಷಕರಿಗೆ ಕರುಳು ಚುರುಕ್ಕೆಂದಿರುವುದನ್ನು ದಾಖಲಿಸುವ ಅಗತ್ಯವಿಲ್ಲ.

೬. ಅಕ್ರಮವಾಗಿ ತೆರೆದ ತಂತ್ರಾಂಶದಲ್ಲಿ ಕೋರಿದ ರಜೆ ಅಸಿಂಧು. ಅದನ್ನು ಮುಚ್ಚಲಾಗಿದೆ. ಮುಚ್ಚಲು ಒಂದೇ ಕ್ಲಿಕ್ ಸಾಕಾಗಿದ್ದು, ಅದನ್ನು ಯಾರು ಮಾಡಬೇಕಿತ್ತೆಂಬ ಬಗ್ಗೆ ಸಮಿತಿ ರಚಿಸಲಾಗಿದೆ.

೭. ಈ ಘೋರ ಅಪರಾಧಕ್ಕಾಗಿ ಬೆರಳಚ್ಚುಗಾರ್ತಿಯನ್ನು ಮದುವೆಯ ಹಿಂದಿನ ದಿನದಿಂದ ಹದಿನೈದು ದಿನ, ಪೂರ್ಣ ಸಂಬಳದೊಂದಿಗೆ, ಅಮಾನತಿನಲ್ಲಿಡಲಾಗಿದೆ. ಅಮಾನತಿಗೆ ಅರ್ಜಿ ಬೇಕಿಲ್ಲವಾದ್ದರಿಂದ ತಂತ್ರಾಂಶ ತೆರೆಯುವ ಪ್ರಶ್ನೆ ಉದ್ಭವಿಸುವುದಿಲ್ಲ.

೮. ಶಿಕ್ಷೆಯನ್ನು ಸರಿಯಾಗಿ ಅನುಭವಿಸುತ್ತಿರುವರೇ ಎಂದು ಪರಿಶೀಲಿಸಲು ಸಿಬ್ಬಂದಿಯೆಲ್ಲರೂ ಭಾನುವಾರ ಮದುವೆಗೆ ಹಾಜರಾಗಿ, ಹೊಟ್ಟೆ ತುಂಬ ಉಂಡು, ವರದಿ ಸಲ್ಲಿಸತಕ್ಕದ್ದು.

ಸಹಿ/-
ಅಧೀಕ್ಷಕರು (ಎರಡನೇ ಕ್ಲಿಕ್)

ಪ್ರತಿಗಳು:
ಸಮಿತಿಗೆ: ಅವಸರವೇನಿಲ್ಲ.
ವರ ಮಹಾಶಯರಿಗೆ: ಮನೆಯಲ್ಲಿ ಎರಡೂ ಕ್ಲಿಕ್ಕುಗಳನ್ನು ಹೆಂಡತಿಗೇ ಬಿಟ್ಟುಕೊಡುವ ಸೂಚನೆಯೊಂದಿಗೆ.
ಜವಾನರಿಗೆ: ಇನ್ನು ಒಳಗೆ ಬರಬಹುದು.
ಬೆರಳಚ್ಚುಗಾರ್ತಿಯ ತಾಯಿಯವರಿಗೆ: ಸಿಕ್ತಮ್ಮ.