ಗುರುಶಾಂತಪ್ಪನವರ ಕಿತ್ತಳೆ ಕಿವಿ

ಪಂಪ್‌ಸೆಟ್ ಕಂಪನಿಯ ಸರ್ವಿಸ್ ಇನ್‌ಸ್ಪೆಕ್ಟರ್ ಗುರುಶಾಂತಪ್ಪನವರು ೧೯೮೩ರ ಒಂದು ಭಾನುವಾರ, ಜಯನಗರ ಏಳನೇ ಬ್ಲಾಕಿನ ತಮ್ಮ ಮನೆಯಲ್ಲಿ, ಎರಡನೇ ಲೋಟ ಕಾಫಿಯನ್ನು ಸಾಕ್ಷಿಯಾಗಿಟ್ಟುಕೊಂಡು ಭೀಷ್ಮಪ್ರತಿಜ್ಞೆ ಮಾಡಿದರು. ಇನ್ನು ಮುಂದೆ ಸಂಗೀತವಿಲ್ಲದೆ ಟೂರಿನ ಬಸ್ಸು ಹತ್ತುವುದಿಲ್ಲ!

ಪ್ರತಿಜ್ಞೆಗೆ ಕಾರಣವಿತ್ತು. ತಿಂಗಳಲ್ಲಿ ಹದಿನೆಂಟು ದಿನ ಅವರದು ಟೂರು. ಅದು ಪ್ರವಾಸವಲ್ಲ, ಪ್ರಯಾಸ. ಹೋದ ವಾರ ಚಳ್ಳಕೆರೆಯಿಂದ ಬರುವಾಗ ಪಕ್ಕದ ಸೀಟಿನವರೊಬ್ಬರು ತಮ್ಮ ಮೂಲವ್ಯಾಧಿಯ ಆಪರೇಷನ್ನನ್ನು ಹಿರಿಯೂರಿನಲ್ಲಿ ಶುರು ಮಾಡಿದ್ದರು. ತುಮಕೂರು ಬಂದರೂ ಹೊಲಿಗೆ ಹಾಕಿರಲಿಲ್ಲ.

ಭೀಮಪಲಾಸಿ ರಾಗ ಕೇಳಬೇಕಾದ ಕಿವಿಗೆ ಈ ಗತಿಯೇ ಎಂದು ಅವರು ನೊಂದರು. ಒಂದು ರೇಡಿಯೋ ತೆಗೆದುಕೊಂಡರೆ ಮುಗಿಯಿತಲ್ಲ ಎಂದು ಹೆಂಡತಿ ಗಿರಿಜಾದೇವಿ ಸಲಹೆ ಕೊಟ್ಟರು. ಗುರುಶಾಂತಪ್ಪನವರು ಅವರನ್ನು ಕರುಣೆಯಿಂದ ನೋಡಿದರು.

"ಇಪ್ಪತ್ತಾರು ವರ್ಷದಿಂದ ಪಂಪ್ ಪರೀಕ್ಷೆ ಮಾಡ್ತಿರೋನು ನಾನು. ಟೆಸ್ಟ್ ಮಾಡದೆ ಒಂದು ಸ್ಕ್ರೂನೂ ಈ ಮನೆಯೊಳಕ್ಕೆ ಬರಲ್ಲ, ಗಿರಿಜಾ."

"ಗೊತ್ತು ರೀ. ನನ್ನನ್ನ ನೋಡೋಕೆ ಬಂದಾಗ್ಲೂ ನಡೆದು ತೋರ್ಸು, ಹಾಡಿ ತೋರ್ಸು ಅಂದೋರಲ್ವಾ ನೀವು."

ಅಂಗಡಿಯ ಗಾಜಿನ ಪೆಟ್ಟಿಗೆಯ ಮೇಲೆ ಎಲ್ಲ ಯಂತ್ರಗಳೂ ಸುಶ್ರಾವ್ಯವಾಗಿಯೇ ಹಾಡುತ್ತವೆ. ಆದ್ದರಿಂದ ಗುರುಶಾಂತಪ್ಪನವರು ಒಂದು ಅಗ್ನಿಪರೀಕ್ಷೆ ನಿಗದಿ ಮಾಡಿದರು. ಯಾವ ಯಂತ್ರವೇ ಆಗಲಿ, ಬಿ.ಟಿ.ಎಸ್. ಸಿಟಿ ಬಸ್ಸಿನ ಕಟ್ಟಕಡೆಯ ಸೀಟಿನಲ್ಲಿ ಫೋರ್ತ್ ಬ್ಲಾಕಿನಿಂದ ಬನಶಂಕರಿಯವರೆಗೆ ತಾಳ ತಪ್ಪದೆ ಹಾಡಬೇಕು.

ಮೊದಲ ಅಭ್ಯರ್ಥಿ ಎದುರು ಮನೆಯವರಿಂದ ಕೇಳಿ ತಂದ, ರೇಡಿಯೋ ಟೇಪು ಎರಡೂ ಇರುವ ಟೂ ಇನ್ ಒನ್. ಅದನ್ನು ಎತ್ತಿದಾಗಲೇ ಅವರಿಗೆ ಐದು ಎಚ್.ಪಿ. ಮೋಟಾರಿನ ನೆನಪಾಯಿತು. ಬಸ್ಸಿನಲ್ಲಿ ಕಂಡಕ್ಟರು ಅದಕ್ಕೊಂದು ಲಗೇಜ್ ಟಿಕೆಟ್ ಹರಿದ. ಆಲಾಪ ಶುರುವಾದದ್ದೇ ತಡ, ಮುಂದಿನ ಸೀಟಿನವರು ಇದನ್ನು ತೆಗೆದು ಒಳ್ಳೆ ಸಿನಿಮಾ ಹಾಡು ಹಾಕಿ ಎಂದರು, ಪಕ್ಕದವರು ಕ್ರಿಕೆಟ್ ಸ್ಕೋರ್ ಕೇಳಿದರು. ಆರು ಸೆಲ್ಲುಗಳೂ ಬನಶಂಕರಿ ಮುಟ್ಟುವ ಮೊದಲೇ ದೈವಾಧೀನವಾದವು. ಎರಡನೆಯದು ಚರ್ಮದ ಚೀಲದ ಟೇಪ್ ರೆಕಾರ್ಡರು. ರಸ್ತೆಯ ಒಂದೊಂದು ಗುಂಡಿಗೂ ಗಾಯಕಿಯ ಗಂಟಲು ಗಂಡಸಿನದಾಗಿ, ಮತ್ತೆ ಹೆಂಗಸಿನದಾಯಿತು. ಎರಡೂ ಫೇಲು!

ಮೂರನೆಯದು ಗಿರಿಜಾದೇವಿಯವರ ತಮ್ಮ ಮಸ್ಕತ್‌ನಿಂದ ತಂದ ಪುಟ್ಟ ಕ್ಯಾಸೆಟ್ ಯಂತ್ರ. ಹೋಳಿಗೆಯಷ್ಟು ಅಗಲ, ಜೇಬಿನಲ್ಲಿ ಕೂರುತ್ತದೆ. ತಲೆಯ ಮೇಲೊಂದು ತಂತಿಯ ಕಮಾನು, ಅದರ ಎರಡು ತುದಿಗೆ ಕಿತ್ತಳೆ ಬಣ್ಣದ ಸ್ಪಂಜು. ಅದನ್ನು ಕಿವಿಗೆ ಒತ್ತಿಕೊಂಡರೆ ಜಗತ್ತು ಬಂದ್, ಭೀಮಪಲಾಸಿ ಚಾಲೂ. ಕಟ್ಟಕಡೆಯ ಸೀಟಿನಲ್ಲಿ ಗುರುಶಾಂತಪ್ಪನವರು ನೆಗೆದು ಬಿದ್ದರೂ ರಾಗ ಅಲುಗಲಿಲ್ಲ. ಅವರು ಸ್ಥಳದಲ್ಲೇ ಅದನ್ನು ವಿಜಯಿಯೆಂದು ಘೋಷಿಸಿದರು.

ಅಂಥ ವಸ್ತುವನ್ನು ಆ ಬಸ್ಸಿನಲ್ಲಿ ಯಾರೂ ಕಂಡಿರಲಿಲ್ಲ ಎಂಬುದೇ ತೊಂದರೆಯಾಯಿತು. ಗಿರಿಜಾದೇವಿಯವರ ಮಹಿಳಾ ಸಂಘವಾದ ತ್ಯಾಗರಾಜನಗರದ ಅಕ್ಕನ ಬಳಗದ ನೀಲಗಂಗಮ್ಮನವರು ಅದೇ ಬಸ್ಸಿನಲ್ಲಿದ್ದರು. ಗಿರಿಜಾ ಚೆನ್ನಾಗಿದ್ದಾಳಾ ಎಂದು ಕೇಳಿದರು. ಗುರುಶಾಂತಪ್ಪನವರು ಮುಗುಳ್ನಕ್ಕು ತಲೆಯಾಡಿಸಿದರು. ಕಿವಿಗೆ ಏನಾಯಿತು ಎಂದರು. ಅದಕ್ಕೂ ಅದೇ ನಗು. ಪೂರ್ತಿ ಹೋಯಿತಾ ಎಂದರು. ರಾಗ ಆಗತಾನೇ ದ್ರುತ ಲಯಕ್ಕೆ ಏರಿತ್ತು; ಇವರು ಕಣ್ಣು ಮುಚ್ಚಿ, ಬಹಳ ಹೊತ್ತು ತಲೆಯಾಡಿಸಿದರು. ನೀಲಗಂಗಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು ಇಳಿದುಹೋದರು.

ಸಂಜೆಯೊಳಗೆ ಅಕ್ಕನ ಬಳಗದ ಅರ್ಧ ಮಂದಿ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯೊಂದಿಗೆ ಮನೆಗೆ ಬಂದರು. ಅದು ಹಾಡಿನ ಯಂತ್ರ ಎಂದು ಗಿರಿಜಾದೇವಿ ಎಷ್ಟು ಹೇಳಿದರೂ, ಗಂಡನ ಮರ್ಯಾದೆ ಮುಚ್ಚಿಡುವ ಸಾಧ್ವಿ ಎಂಬ ಕೀರ್ತಿ ಅವರಿಗೆ ಬಂತೇ ಹೊರತು ಯಾರೂ ನಂಬಲಿಲ್ಲ. ಪಂಪಿನ ಕೆಲಸದವರಿಗೆ ಕೊನೆಗೆ ಕಿವಿ ಹೋಗುತ್ತದೆಂದು ಊರಿಗೇ ಗೊತ್ತಿತ್ತು.

ಗುರುಶಾಂತಪ್ಪನವರು ಜಗ್ಗಲಿಲ್ಲ. ಬಸ್ಸಿನಲ್ಲಿ ಪಾಸಾದದ್ದು ಬಯಲಿನ ಧೂಳಿನಲ್ಲೂ ಪಾಸಾಗಬೇಕಲ್ಲ? ಮರುದಿನ ಬಿಳೇಕಹಳ್ಳಿಯಲ್ಲಿ ಮುನಿಯಣ್ಣನ ತೋಟದ ಹೊಸ ಪಂಪು ಚಾಲೂ ಮಾಡುವುದಿತ್ತು. ಕ್ಯಾಸೆಟ್ಟಿನ ಎರಡನೇ ಮಗ್ಗುಲು ಮುಗಿಯುವವರೆಗೂ ಸ್ಪಂಜು ತೆಗೆಯುವುದಿಲ್ಲವೆಂದು ಹಟ ತೊಟ್ಟು ಹೋದರು.

ಪಂಪಿನ ಬೇರಿಂಗ್ ಸರಿಯಿದೆಯೇ ಎಂದು ತಿಳಿಯಲು ಅವರದೊಂದು ಹಳೆಯ ಪದ್ಧತಿ. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಹಚ್ಚಿ ಸದ್ದು ಕೇಳುವುದು. ಅಂದೂ ಹಚ್ಚಿದರು, ಆದರೆ ಸ್ಪಂಜಿನ ಮೇಲೆ! ಪಂಪು ಕಿರುಚತೊಡಗಿತು. ಮುನಿಯಣ್ಣ ಕೈ ಬೀಸಿದ. ಮೆಕ್ಯಾನಿಕ್ ಸಂಜೀವಯ್ಯ ಬಾಯಿ ಬಡಿದುಕೊಂಡ. ಗುರುಶಾಂತಪ್ಪನವರು ತಾಳ ಹಾಕುತ್ತ, "ಆಹಾ, ಏನು ಶ್ರುತಿ! ಓಡಲಿ ಬಿಡು," ಎಂದರು. ಮೂಗಿಗೆ ಸುಟ್ಟ ವಾಸನೆ ಬಡಿದಾಗಲೇ ಅವರು ಭೂಮಿಗಿಳಿದದ್ದು.

ಸಂಜೀವಯ್ಯ ಒಳ್ಳೆಯವನು, ಗುರುಶಾಂತಪ್ಪನವರೆಂದರೆ ಪ್ರಾಣ. ಆ ಪ್ರೀತಿಯಿಂದಲೇ ಅವನು ಮ್ಯಾನೇಜರ್ ತಿಮ್ಮರಾಯಪ್ಪನವರ ಬಳಿ ಹೋಗಿ, ಸಾಹೇಬರ ಕಿವಿ ಕಂಪನಿಯ ಸೇವೆಯಲ್ಲೇ ಹೋಗಿದೆ, ಮಷಿನ್ ಹಾಕಿಕೊಂಡರೂ ಕೇಳಿಸುತ್ತಿಲ್ಲ ಎಂದು ಕಣ್ಣೀರಿಟ್ಟ.

ಮರುದಿನ ಕರೆ ಬಂತು. ತಿಮ್ಮರಾಯಪ್ಪನವರು ಹಳೆಯ ನಕ್ಷೆಯೊಂದರ ಬೆನ್ನಿನ ಮೇಲೆ ದಪ್ಪಕ್ಷರದಲ್ಲಿ 'ಯಾವಾಗಿನಿಂದ?' ಎಂದು ಬರೆದು ತೋರಿಸಿದರು.

"ಸಾರ್, ನನಗೆ ಕಿವಿ ಚೆನ್ನಾಗೇ ಕೇಳಿಸುತ್ತೆ."

ಮ್ಯಾನೇಜರು ಸಂಜೀವಯ್ಯನ ಕಡೆ ತಿರುಗಿದರು. "ಮೊದಮೊದಲು ಎಲ್ರೂ ಹೀಗೇ ಅಂತಾರೆ. ಪಾಪ. ಇವರಿಗೆ ನಿಜವಾಗಿ ಕಿವಿ ಕೇಳಿಸಿದ್ದಿದ್ರೆ, ಆ ಪಂಪು ಸುಟ್ಟಿದ್ದಕ್ಕೆ ಇವತ್ತೇ ಸಸ್ಪೆಂಡ್ ಮಾಡ್ತಿದ್ದೆ."

ಜೇಬಿನಿಂದ ಯಂತ್ರ ತೆಗೆದು, ಹಾಡು ಕೇಳುತ್ತಿದ್ದೆ ಸಾರ್ ಎಂದು ವಿವರಿಸಲು ಗುರುಶಾಂತಪ್ಪನವರ ಬಾಯಿ ಆಗಲೇ ತೆರೆದಿತ್ತು. ಅದು ಹಾಗೆಯೇ ಮೆಲ್ಲಗೆ ಮುಚ್ಚಿಕೊಂಡಿತು. ಜೇಬಿಗೆ ಹೋಗಿದ್ದ ಕೈ ಮೇಲೆದ್ದು ಕಿವಿಯ ಹಿಂದೆ ದೊನ್ನೆಯಾಗಿ ನಿಂತಿತು.

"ಏನಂದ್ರಿ ಸಾರ್?"

ತಿಮ್ಮರಾಯಪ್ಪನವರು ಮರುಗಿ, ಟೂರನ್ನೆಲ್ಲ ರದ್ದು ಮಾಡಿ, ಅವರಿಗೆ ಹೆಡ್ಡಾಫೀಸಿನಲ್ಲೇ ಕುರ್ಚಿ ಕೊಟ್ಟರು. ಗ್ರಾಹಕರ ದೂರು ವಿಭಾಗ! ಟೂರಿನಿಂದ ದೂರಿಗೆ. ಬಸ್ಸು ಹೋದರೇನು, ಭೀಮಪಲಾಸಿ ಉಂಟಲ್ಲ, ಕುರ್ಚಿಯಲ್ಲಿ ಕೂತೇ ಕೇಳಿದರಾಯಿತು ಎಂದು ಗುರುಶಾಂತಪ್ಪನವರು ಒಳಗೊಳಗೇ ಧೈರ್ಯ ತಂದುಕೊಂಡು, ಕಿತ್ತಳೆ ಸ್ಪಂಜನ್ನು ತಲೆಗೇರಿಸಿ ಬಾಗಿಲ ಕಡೆ ನಡೆದರು.

ಮ್ಯಾನೇಜರು ಎದ್ದು ಬಂದು, ಆ ಕಮಾನನ್ನು ಮೆಲ್ಲಗೆ ಬಿಡಿಸಿ ಅವರ ಕೈಗಿತ್ತರು. ಆಮೇಲೆ ನಕ್ಷೆಯ ಬೆನ್ನಿನ ಮೇಲೆ ನಿಧಾನವಾಗಿ, ದಪ್ಪಕ್ಷರದಲ್ಲಿ ಬರೆದರು:

'ಈ ಮಷಿನ್ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ. ಕಿವಿ ಕೇಳಿಸುವವರು ಯಾರೂ ಆ ಸೀಟಿನಲ್ಲಿ ಎರಡು ತಿಂಗಳು ಬಾಳಿಲ್ಲ.'